ಬಿಚ್ಚಲು ಬರುವ ಪೆಟ್ಟಿಗೆ

ಥಾಣೆಯ ನೌಪಾಡದಲ್ಲಾಗಲಿ, ಡೊಂಬಿವಲಿ ಸ್ಟೇಷನ್ನಿನ ಹೊರಗಾಗಲಿ, ವಾಶಿಯಲ್ಲಾಗಲಿ, ಕಂಪ್ಯೂಟರ್ ಅಂಗಡಿಗೆ ಹೋಗಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬೇಕೆಂದರೆ ಅಂಗಡಿಯವರು ಮೊದಲು ಕೇಳುವುದು ಎಷ್ಟು ಟಿಬಿ ಎಂದು, ಆಮೇಲೆ ಯಾವ ಕಂಪನಿ ಎಂದು. ಕೊಳ್ಳಲು ಹೋದವರ ತಲೆಯಲ್ಲೂ ಇವೇ ಎರಡು ಪ್ರಶ್ನೆಗಳಿರುತ್ತವೆ. ಇವೆರಡಕ್ಕೂ ಮುಂಚೆ ಕೇಳಬೇಕಾದ ಒಂದು ಪ್ರಶ್ನೆ ಇದೆ ಎನ್ನುವುದು ನನ್ನ ವಾದ: ಇದು ಕೆಟ್ಟ ದಿನ ಒಳಗಿರುವುದನ್ನು ಹೊರಗೆ ತೆಗೆಯುವುದು ಹೇಗೆ? ಮಗಳ ಮದುವೆಯ ವಿಡಿಯೊ, ಅಜ್ಜಿಯ ಹಳೆಯ ಫೋಟೊಗಳ ಸ್ಕ್ಯಾನು, ಊರಿನ ಜಾಗದ ಪಹಣಿ, ಎಂದೋ ರೆಕಾರ್ಡ್ ಮಾಡಿದ ರಾತ್ರಿಯಿಡೀ ನಡೆದ ಯಕ್ಷಗಾನ, ಇಂಥವನ್ನು ತುಂಬಿಡುವ ವಸ್ತುವನ್ನು ಅದರ ಸಾವಿನ ಕಡೆಯಿಂದ ನೋಡಿಯೇ ಆರಿಸಬೇಕು. ಎಷ್ಟು ಹಿಡಿಸುತ್ತದೆ, ಎಷ್ಟು ವೇಗ, ಯಾವ ಬಣ್ಣ ಎನ್ನುವುದೆಲ್ಲ ಆಮೇಲೆ.

ಸಾವು ಎಂದಾಗ ಹೆದರಿಸುತ್ತಿದ್ದೇನೆ ಎನಿಸಬಾರದು. ಲಕ್ಷಗಟ್ಟಲೆ ಹಾರ್ಡ್ ಡಿಸ್ಕುಗಳನ್ನು ಹಗಲೂ ರಾತ್ರಿ ಓಡಿಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಕಂಪನಿ ತನ್ನಲ್ಲಿ ವರ್ಷಕ್ಕೆ ಎಷ್ಟು ಡಿಸ್ಕು ಕೆಡುತ್ತದೆ ಎಂಬ ಲೆಕ್ಕವನ್ನು ಬಹಿರಂಗವಾಗಿಯೇ ಕೊಡುತ್ತದೆ. 2023ರಲ್ಲಿ ಅದು ಶೇ. 1.70, 2024ರಲ್ಲಿ ಶೇ. 1.57. ನೂರರಲ್ಲಿ ಒಂದೋ ಎರಡೋ, ಕಡಿಮೆಯೇ. ಆದರೆ ಆ ಡಿಸ್ಕುಗಳು ತಂಪು ಕೋಣೆಯಲ್ಲಿ, ಕಪಾಟಿಗೆ ಬಿಗಿದುಕೊಂಡು, ಕರೆಂಟು ತಪ್ಪದೆ, ಯಾರ ಕೈಯಿಂದಲೂ ಬೀಳದೆ ಬದುಕುತ್ತವೆ. ನಮ್ಮ ಕಡೆಯ ಡಿಸ್ಕಿನ ಜಾತಕವೇ ಬೇರೆ. ಅದು ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಹತ್ತಿ, ಹತ್ತಾರು ಜನರ ಮೈಗೊತ್ತಿದ ಚೀಲದಲ್ಲಿ ಆಫೀಸಿಗೆ ಹೋಗಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಗಾಳಿಯಲ್ಲಿ ಕೂರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಉಲ್ಹಾಸ್ ನದಿ ಕಲ್ಯಾಣ್, ಬದ್ಲಾಪುರಗಳ ಕೆಳ ಅಂತಸ್ತಿನ ಮನೆಗಳಿಗೆ ನುಗ್ಗಿತ್ತು. 2019ರ ಜುಲೈನಲ್ಲಿ ಅದೇ ನದಿ ಬದ್ಲಾಪುರ ಮತ್ತು ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನೇ ಸುತ್ತುವರಿಯಿತು. 2016ರ ಮೇ 26ರಂದು ಮತ್ತು 2024ರ ಮೇ 23ರಂದು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಕಾರ್ಖಾನೆಗಳು ಸಿಡಿದಾಗ ಸುತ್ತಮುತ್ತಲಿನ ಮನೆಗಳ ಕಿಟಕಿ ಗಾಜುಗಳು ಪುಡಿಯಾದವು. ಜನರ ಜೀವ ಹೋದ ಕಡೆ ಡಿಸ್ಕಿನ ಮಾತೆತ್ತುವುದು ಸಣ್ಣತನ ಎನಿಸೀತು. ಆದರೂ ಇಂಥ ದಿನದ ಮರುದಿನ ಮನೆಯವರು ಹುಡುಕುವುದರಲ್ಲಿ ಫೋಟೊಗಳೂ ಇರುತ್ತವೆ.

ಇಷ್ಟು ದೊಡ್ಡ ಅನಾಹುತವೇ ಬೇಕಿಲ್ಲ, ಕರೆಂಟು ಹೋದರೂ ಸಾಕು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಪಡಘೆ–ಕಳವಾ ಕಡೆಯ 400 ಕಿಲೋವೋಲ್ಟ್ ಮಾರ್ಗಗಳ ತೊಂದರೆಯಿಂದ ಮುಂಬಯಿ, ಥಾಣೆ, ನವಿ ಮುಂಬಯಿಗಳೆಲ್ಲ ಒಟ್ಟಿಗೆ ಕತ್ತಲಾದವು, ಲೋಕಲ್‌ಗಳು ನಿಂತವು, ಮನೆಯಿಂದಲೇ ಕೆಲಸ ಮಾಡುತ್ತಿದ್ದವರ ಕಂಪ್ಯೂಟರುಗಳು ಒಮ್ಮೆಲೇ ಆರಿದವು. ಬರೆಯುತ್ತಿರುವ ಡಿಸ್ಕಿಗೆ ಅರ್ಧದಲ್ಲಿ ಕರೆಂಟು ತಪ್ಪಿದರೆ ಆ ಫೈಲು ಮಾತ್ರವೇ ಹೋಗುವುದಿಲ್ಲ. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯೇ ಕೆಡಬಹುದು. ಇಲ್ಲಿ ಡಿಸ್ಕಿನ ಗಾತ್ರದ ಪ್ರಶ್ನೆ ಬರುತ್ತದೆ. 3.5 ಇಂಚಿನ ದೊಡ್ಡ ಡಿಸ್ಕಿಗೆ 12 ವೋಲ್ಟಿನ ಬೇರೆ ಅಡಾಪ್ಟರ್ ಬೇಕು. ಕಂಪ್ಯೂಟರಿಗೆ ಯುಪಿಎಸ್ ಇರುವ ಎಷ್ಟೋ ಮನೆಗಳಲ್ಲಿ ಈ ಅಡಾಪ್ಟರ್ ಮಾತ್ರ ಗೋಡೆಯ ಸಾದಾ ಸಾಕೆಟ್ಟಿನಲ್ಲಿರುತ್ತದೆ. ಕರೆಂಟು ಹೋದಾಗ ಕಂಪ್ಯೂಟರ್ ಎಚ್ಚರವಾಗಿರುತ್ತದೆ, ಡಿಸ್ಕು ಮಾತ್ರ ಬೀಳುತ್ತದೆ. 2.5 ಇಂಚಿನದು 5 ವೋಲ್ಟಿನಲ್ಲಿ, ಯುಎಸ್‌ಬಿ ಕೇಬಲ್ಲಿನಿಂದಲೇ ಬದುಕುತ್ತದೆ. ಕಂಪ್ಯೂಟರಿನ ಯುಪಿಎಸ್ಸೇ ಅದಕ್ಕೂ ಕಾವಲು. ಯುಎಸ್‌ಬಿ 2.0 ಕೊಡುವುದು 500 ಮಿಲಿಆಂಪಿಯರ್, 3.0 ಕೊಡುವುದು 900. ಹಳೆಯ ಡೆಸ್ಕ್‌ಟಾಪಿನ ಮುಂದಿನ ಪೋರ್ಟಿಗೆ ಸಿಕ್ಕಿಸಿದ ಡಿಸ್ಕು ಟಿಕ್ ಟಿಕ್ ಎಂದು ಎದ್ದೇಳಲಾರದೆ ಒದ್ದಾಡಿದರೆ ಅದು ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ ಹಿಂದಿನ ಪೋರ್ಟಿಗೆ ಹಾಕಿ ನೋಡಬೇಕು. ಅಲ್ಲೂ ಟಿಕ್ ಟಿಕ್ ನಿಲ್ಲದಿದ್ದರೆ ಮತ್ತೆ ಮತ್ತೆ ಆನ್ ಮಾಡಬಾರದು, ಪ್ರತಿ ಪ್ರಯತ್ನವೂ ಒಳಗಿನ ತಟ್ಟೆಯನ್ನು ಗೀಚಬಹುದು.

ಈಗ ಪೆಟ್ಟಿಗೆಯ ವಿಷಯ. ಎಕ್ಸ್‌ಟರ್ನಲ್ ಡಿಸ್ಕ್ ಎಂದು ನಾವು ಕರೆಯುವುದರಲ್ಲಿ ಎರಡು ವಸ್ತುಗಳಿವೆ. ಒಂದು ಡಿಸ್ಕು, ಇನ್ನೊಂದು ಅದರ ಸಾಟಾ ಭಾಷೆಯನ್ನು ಯುಎಸ್‌ಬಿ ಭಾಷೆಗೆ ತಿರುಗಿಸುವ ಸಣ್ಣ ಬೋರ್ಡು, ಅದಕ್ಕೊಂದು ಕವಚ; ಬೋರ್ಡು, ಕವಚ ಸೇರಿದ್ದೇ ಕೇಸಿಂಗ್. ಬಹಳ ಸಲ ಕೆಡುವುದು ಎರಡನೆಯದು. ಅದರಲ್ಲೂ ಯುಎಸ್‌ಬಿ 3.0 ಡಿಸ್ಕುಗಳಿಗೆ ಬರುವ ಆ ಅಗಲವಾದ ಜೋಡಿ ಕಂಡಿಯ ಸಾಕೆಟ್ಟು ಎಳೆದೂ ತುರುಕಿಯೂ ಸಡಿಲವಾಗುತ್ತದೆ. ಒಳಗಿನ ತಟ್ಟೆಗಳು ನೆಟ್ಟಗಿದ್ದರೂ ಬಾಗಿಲೇ ಮುಚ್ಚಿಹೋಗುತ್ತದೆ. ಡಿಸ್ಕು ಬೇರೆ, ಕೇಸಿಂಗ್ ಬೇರೆ ಕೊಂಡಿದ್ದರೆ ನಾಲ್ಕು ಸ್ಕ್ರೂ ಬಿಚ್ಚಿ ಡಿಸ್ಕನ್ನು ಇನ್ನೊಂದು ಕೇಸಿಂಗಿಗೆ ಹಾಕಿದರೆ ಆಯಿತು, 2.5 ಇಂಚಿನ ಕೇಸಿಂಗಿನ ಬೆಲೆ ಕೆಲವು ನೂರು ರೂಪಾಯಿ. ಸಿದ್ಧವಾಗಿ ಬರುವ ಪೋರ್ಟೆಬಲ್ ಡಿಸ್ಕುಗಳಲ್ಲಿ ಹಲವಕ್ಕೆ ಈ ಅನುಕೂಲವಿಲ್ಲ. ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಸಾಕೆಟ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ, ಸಾಟಾ ಕನೆಕ್ಟರ್ ಎಂಬುದೇ ಇರುವುದಿಲ್ಲ. ಇನ್ನು ಕೆಲವದರಲ್ಲಿ, ನಾವು ಪಾಸ್‌ವರ್ಡ್ ಇಡದಿದ್ದರೂ, ಬೋರ್ಡಿನ ಚಿಪ್ಪು ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ; ಚಿಪ್ಪು ಸತ್ತರೆ ಡಿಸ್ಕನ್ನು ಬೇರೆಡೆ ಜೋಡಿಸಿದರೂ ಕಾಣುವುದು ಅರ್ಥವಿಲ್ಲದ ರಾಶಿ. ಕೆಲವು ನೂರರಲ್ಲಿ ಮುಗಿಯಬೇಕಿದ್ದ ರಿಪೇರಿ ಆಗ ಡೇಟಾ ರಿಕವರಿಯವರ ಸಾವಿರಾರು ರೂಪಾಯಿಯ ಕೆಲಸವಾಗುತ್ತದೆ, ಅದೂ ಖಾತರಿಯಿಲ್ಲದೆ. ಮೂರು ವರ್ಷದ ವಾರಂಟಿ ಇದೆಯಲ್ಲ ಎನ್ನುವವರು ಆ ಕಾಗದವನ್ನು ಒಮ್ಮೆ ಪೂರ್ತಿ ಓದಬೇಕು. ವಾರಂಟಿ ಹೊಸ ಡಿಸ್ಕು ಕೊಡುತ್ತದೆ, ಹಳೆಯದರಲ್ಲಿದ್ದುದನ್ನು ಕೊಡುವುದಿಲ್ಲ.

ಬಿಚ್ಚಲು ಬರುವ ಪೆಟ್ಟಿಗೆಗೂ ಆಕ್ಷೇಪಗಳಿವೆ, ಅವು ಹುರುಳಿಲ್ಲದವಲ್ಲ. ಡಿಸ್ಕು ಮತ್ತು ಕೇಸಿಂಗ್ ಬೇರೆಬೇರೆ ಕೊಂಡರೆ ಒಟ್ಟು ಬೆಲೆ ಸಿದ್ಧ ಡಿಸ್ಕಿಗಿಂತ ಹೆಚ್ಚಾಗುವುದೇ ಸಾಮಾನ್ಯ. ಅಗ್ಗದ ಕೇಸಿಂಗುಗಳಲ್ಲಿ ಕಳಪೆ ಚಿಪ್ಪುಗಳೂ ಇವೆ. ಹಳೆಯ ಕೆಲವು ಕೇಸಿಂಗುಗಳು 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಗುರುತಿಸುವುದಿಲ್ಲ, 3.5 ಇಂಚಿನ ಕೆಲವು ಪೆಟ್ಟಿಗೆಗಳು ಡಿಸ್ಕಿನ ಲೆಕ್ಕವನ್ನು ತಮ್ಮದೇ ರೀತಿಯಲ್ಲಿ ಬದಲಿಸಿ ತೋರಿಸುವುದರಿಂದ, ಅದೇ ಡಿಸ್ಕು ಬೇರೆ ಪೆಟ್ಟಿಗೆಯಲ್ಲಿ ಖಾಲಿ ಎಂಬಂತೆ ಕಾಣುತ್ತದೆ. ನನ್ನ ವಾದದ ಬುಡಕ್ಕೇ ಬರುವ ಆಕ್ಷೇಪ ಇದು. ಅದಕ್ಕೆ ಉತ್ತರ ಕೊಂಡ ದಿನವೇ ಮಾಡಬಹುದಾದ ಪರೀಕ್ಷೆ. ನಾಲ್ಕು ಫೈಲು ಹಾಕಿ, ಡಿಸ್ಕನ್ನು ಬಿಚ್ಚಿ, ಡೆಸ್ಕ್‌ಟಾಪಿನ ಸಾಟಾ ಕೇಬಲ್ಲಿಗೋ ಅಂಗಡಿಯವರ ಇನ್ನೊಂದು ಕೇಸಿಂಗಿಗೋ ಜೋಡಿಸಿ ನೋಡಬೇಕು. ಫೈಲುಗಳು ಕಂಡರೆ ಆ ಕೇಸಿಂಗ್ ಪ್ರಾಮಾಣಿಕ, ಕಾಣದಿದ್ದರೆ ಅಲ್ಲೇ ಹಿಂತಿರುಗಿಸಬೇಕು. ಗ್ರಾಂಟ್ ರೋಡಿನ ಪಕ್ಕದ ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಕೌಂಟರಿನಲ್ಲೇ ಈ ಪರೀಕ್ಷೆ ಮಾಡಿಸಿಕೊಳ್ಳಬಹುದು. ಸಿದ್ಧ ಡಿಸ್ಕಿಗೆ ಇಂಥ ಪರೀಕ್ಷೆ ಮಾಡಲು ಬರುವುದೇ ಇಲ್ಲ; ಕವಚ ಒಡೆದರೆ ವಾರಂಟಿ ಹೋಗುತ್ತದೆ. ಬೆಲೆಯ ವ್ಯತ್ಯಾಸಕ್ಕೆ ನಾನು ಕೊಡುವ ಸಮರ್ಥನೆ ಇಷ್ಟೇ.

ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಉಳಿದ ಹಳೆಯ 2.5 ಇಂಚಿನ ಡಿಸ್ಕು ಎಷ್ಟೋ ಮನೆಗಳ ಡ್ರಾಯರಿನಲ್ಲಿ ಬಿದ್ದಿರುತ್ತದೆ. ಅದನ್ನು ಕೇಸಿಂಗಿಗೆ ಹಾಕಿ ಬಳಸಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಉಚಿತ ಪ್ರೋಗ್ರಾಮಿನಲ್ಲಿ ಅದರ ಆರೋಗ್ಯ ನೋಡಿ, ಎರಡನೆಯ ಪ್ರತಿಗೆ ಮಾತ್ರ. ಯುಎಸ್‌ಬಿ 2.0 ಕೇಸಿಂಗ್ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ: 1 ಟಿಬಿ ತುಂಬಲು ಅದಕ್ಕೆ ಎಂಟು ಗಂಟೆ ಹಿಡಿಯುತ್ತದೆ, 3.0ರಲ್ಲಿ ಮೂರು ಗಂಟೆಯೊಳಗೆ ಮುಗಿಯುತ್ತದೆ. ನಿಧಾನವಾದ ಬ್ಯಾಕಪ್ಪನ್ನು ಯಾರೂ ಎರಡನೆಯ ಸಲ ಮಾಡುವುದಿಲ್ಲ.

ಹಾಗಾದರೆ ಎಸ್‌ಎಸ್‌ಡಿಯನ್ನೇ ಕೊಳ್ಳಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಲೋಕಲ್‌ನ ನೂಕುನುಗ್ಗಲಿಗೆ ಅದೇ ಸರಿ. ದಿನವೂ ಚೀಲದಲ್ಲಿ ಓಡಾಡುವ ಡಿಸ್ಕು ಎಸ್‌ಎಸ್‌ಡಿ ಆಗಿರಲಿ ಎಂದು ನಾನೂ ಹೇಳುತ್ತೇನೆ. ಆದರೆ ಕಪಾಟಿನಲ್ಲಿಟ್ಟು ವರ್ಷಗಟ್ಟಲೆ ಮುಟ್ಟದಿರಲು ಅದು ಹೇಳಿ ಮಾಡಿಸಿದ್ದಲ್ಲ. ಬಳಸಿ ಸವೆದ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ವರ್ಷ ನೆನಪಿಟ್ಟುಕೊಂಡರೆ ಸಾಕು ಎಂಬುದು ಆ ಉದ್ಯಮದ ಮಾನದಂಡ. ಉಷ್ಣ ಏರಿದಷ್ಟೂ ಅವಧಿ ಕುಗ್ಗುತ್ತದೆ. ಮೇ ತಿಂಗಳ ಕಲ್ಯಾಣಿನಲ್ಲಿ ಮುಚ್ಚಿದ ಮನೆಯ ಕಪಾಟು 30 ಡಿಗ್ರಿಯಲ್ಲಿ ನಿಲ್ಲುವುದಿಲ್ಲ. ಹೊಸದು ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ತಾಳುತ್ತದೆ, ನಿಜ. ಆದರೂ ತಲೆಮಾರಿನ ಫೋಟೊಗಳಿಗೆ ಅದೊಂದನ್ನೇ ನಂಬುವುದು ನನಗೆ ಒಪ್ಪಿಗೆಯಿಲ್ಲ. ಬೆರಳಷ್ಟು ಉದ್ದದ 16 ಟಿಬಿ ಎಸ್‌ಎಸ್‌ಡಿ ಒಂದೆರಡು ಸಾವಿರ ರೂಪಾಯಿಗೆ ಎಂಬ ಆನ್‌ಲೈನ್ ಜಾಹೀರಾತುಗಳಂತೂ ಶುದ್ಧ ಮೋಸ. ಒಳಗಿರುವುದು ಒಂದು ಸಣ್ಣ ಮೆಮೊರಿ ಕಾರ್ಡು; ಅದು ತುಂಬಿದ ಮೇಲೆ ಬರೆದದ್ದು ಹಳೆಯದರ ಮೇಲೇ ಕೂತು ಅದನ್ನು ಅಳಿಸುತ್ತದೆ, ಇಲ್ಲವೇ ತಾನೇ ಉಳಿಯುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕ್ಲೌಡಿನದು. ಐರೋಲಿ, ರಬಾಳೆ, ಮಹಾಪೆಗಳಲ್ಲಿ, ನಮ್ಮ ಲೋಕಲ್ಲಿನ ಕಿಟಕಿಯಾಚೆಯೇ, ದೊಡ್ಡ ದೊಡ್ಡ ಡೇಟಾ ಸೆಂಟರುಗಳಿರುವಾಗ ಮನೆಯಲ್ಲೊಂದು ಡಬ್ಬಿ ಏಕೆ? ಆ ಕಟ್ಟಡಗಳೊಳಗೂ ಡಿಸ್ಕುಗಳು ಸಾಯುತ್ತವೆ. ಅಲ್ಲಿನವರು ಟ್ರೇ ಎಳೆದು ಕೆಟ್ಟದ್ದನ್ನು ತೆಗೆದು ಹೊಸದನ್ನು ತಳ್ಳುತ್ತಾರೆ, ಪ್ರತಿ ಫೈಲಿನ ಇನ್ನೊಂದು ಪ್ರತಿ ಬೇರೆಡೆ ಇಟ್ಟಿರುತ್ತಾರೆ. ನಾನು ಮನೆಗೆ ಹೇಳುತ್ತಿರುವುದೂ ಅದನ್ನೇ. ಕ್ಲೌಡ್ ಇರಲಿ, ಆದರೆ ಅದು ಬಾಡಿಗೆಯ ಜಾಗ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಈಗ 15 ಜಿಬಿ ದಾಟಿದರೆ ಹಣ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ಕೆಲಸವನ್ನು ಗೂಗಲ್ 2023ರ ಡಿಸೆಂಬರ್‌ನಲ್ಲಿ ಆರಂಭಿಸಿತು. ಖಾತೆ ತಂದೆಯ ಹೆಸರಿನಲ್ಲಿದ್ದು, ತಂದೆ ತೀರಿಕೊಂಡು, ಪಾಸ್‌ವರ್ಡ್ ಯಾರಿಗೂ ತಿಳಿಯದಿದ್ದರೆ ಆಗುವುದೇನು ಎಂದು ಮನೆಯವರು ಕೂತು ಯೋಚಿಸಬೇಕು. ಕಪಾಟಿನಲ್ಲಿರುವ ಡಿಸ್ಕನ್ನು ಮಕ್ಕಳು ತೆರೆಯಬಲ್ಲರು.

ಒಂದೇ ದೊಡ್ಡ ಡಿಸ್ಕಿನ ಬದಲು ಎರಡು ಚಿಕ್ಕವು ಎಂಬುದು ಪ್ರತಿ ಫೈಲಿಗೂ ಇನ್ನೊಂದು ಪ್ರತಿ ಬೇಕೆನ್ನುವುದರಿಂದ ತಾನಾಗಿ ಬರುವ ಮಾತು. 4 ಟಿಬಿಯ ಒಂದಕ್ಕಿಂತ 2 ಟಿಬಿಯ ಎರಡು ಲೇಸು; ಬಿಡಿಯಾಗಿ ಸಿಗುವ 2.5 ಇಂಚಿನ ಡಿಸ್ಕುಗಳು ಬಹುಪಾಲು 2 ಟಿಬಿಯೊಳಗೇ ಇರುವುದರಿಂದ ಕೇಸಿಂಗಿನ ಲೆಕ್ಕಕ್ಕೂ ಅದು ಕೂಡಿಬರುತ್ತದೆ. ಆದರೆ ಎರಡನ್ನೂ ಒಂದೇ ಕಪಾಟಿನಲ್ಲಿಟ್ಟರೆ ನೆರೆಗೂ ಕಳ್ಳನಿಗೂ ಅವು ಒಂದೇ ಲೆಕ್ಕ. ಈ ವಿಷಯದಲ್ಲಿ ನಮ್ಮ ಕನ್ನಡ ಮನೆಗಳಿಗೆ ಇರುವ ಅನುಕೂಲ ಬೇರೆಯವರಿಗೆ ಸುಲಭಕ್ಕೆ ಸಿಗದು. ಅಣ್ಣ ಡೊಂಬಿವಲಿಯಲ್ಲಿ, ತಂಗಿ ನೆರೂಲಿನಲ್ಲಿ, ಮೂಲಮನೆ ಕುಂದಾಪುರದಲ್ಲೋ ಉಡುಪಿಯಲ್ಲೋ. ಥಾಣೆ, ಪನ್ವೇಲ್‌ಗಳಲ್ಲಿ ನಿಲ್ಲುವ ಮತ್ಸ್ಯಗಂಧಾ ರೈಲು ಹೇಗೂ ಮೇ ರಜೆಯಲ್ಲಿ ಮನೆಮಂದಿಯನ್ನು ಊರಿಗೆ ಒಯ್ಯುತ್ತದೆ. ಹೋಗುವಾಗ ಹೊಸ ಪ್ರತಿ ಕೊಂಡುಹೋಗಿ, ಬರುವಾಗ ಹೋದ ವರ್ಷದ್ದನ್ನು ತಂದರೆ ವರ್ಷಕ್ಕೊಮ್ಮೆ ಎರಡೂ ತಿರುಗಿದಂತಾಗುತ್ತದೆ, ಓದಲು ಬರುತ್ತದೆಯೇ ಎಂಬುದೂ ತಿಳಿಯುತ್ತದೆ. ಕರಾವಳಿಯ ಮಳೆ ಥಾಣೆಗಿಂತ ಏನೂ ಕಡಿಮೆಯಿಲ್ಲ ಎನ್ನಬಹುದು. ಬಿಗಿ ಮುಚ್ಚಳದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್‌ನ ಪೊಟ್ಟಣ, ಅಟ್ಟದ ಬದಲು ಒಳಕೋಣೆಯ ಕಪಾಟು, ಇಷ್ಟು ಮಾಡಿದರೆ ತೇವದ ಭಯ ಬಹಳ ಮಟ್ಟಿಗೆ ಹೋಗುತ್ತದೆ. ಒದ್ದೆ ಹವೆಯಿಂದ ತಂದ ಡಿಸ್ಕನ್ನು ತಕ್ಷಣ ಓಡಿಸದೆ ಒಂದಿಷ್ಟು ಹೊತ್ತು ಒಣಗಲು ಬಿಡಬೇಕು.

ಮನೆಗೆ ಹೇಳಿದ್ದು ಸಂಘಗಳಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಡೊಂಬಿವಲಿ ಕರ್ನಾಟಕ ಸಂಘ, ವಾಶಿಯ ನವಿ ಮುಂಬಯಿ ಕನ್ನಡ ಸಂಘದಂಥ ಸಂಸ್ಥೆಗಳು ಈ ಭಾಗದಲ್ಲಿ ದಶಕಗಳಿಂದ ನಡೆಸಿದ ನಾಟಕ, ತಾಳಮದ್ದಳೆ, ಸ್ಮರಣ ಸಂಚಿಕೆಗಳು ಇಲ್ಲಿನ ಕನ್ನಡಿಗರ ಚರಿತ್ರೆಯೇ ಹೌದು. ಯಾವುದೇ ಸಂಘದಲ್ಲಿ ಇಂಥ ಸಾಮಗ್ರಿ ಒಬ್ಬ ಕಾರ್ಯದರ್ಶಿಯ ಕಂಪ್ಯೂಟರಿನಲ್ಲಿ ಮಾತ್ರ ಉಳಿದರೆ, ಅವರು ಮನೆ ಬದಲಿಸಿದ ದಿನ ಅದೂ ಹೋದಂತೆ. ಅಲ್ಲಿ ಇನ್ನೊಂದು ತೊಡಕೂ ಇದೆ. ಶ್ರೀಲಿಪಿ, 1998ರಲ್ಲಿ ಬಂದ ಬರಹ, ಆಮೇಲಿನ ನುಡಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಫೈಲುಗಳು ಡಿಸ್ಕಿನಲ್ಲಿ ಭದ್ರವಾಗಿದ್ದರೂ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವಾಗಿ ಕಾಣುವುದಿಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೊಂದಲವಾಗಿ ಕಾಣುತ್ತವೆ. ಆದ್ದರಿಂದ ಮೂಲ ಫೈಲಿನ ಜೊತೆ ಫಾಂಟನ್ನೂ, ಒಂದು ಪಿಡಿಎಫ್ ಪ್ರತಿಯನ್ನೂ, ಯೂನಿಕೋಡಿಗೆ ತಿರುಗಿಸಿದ ಪ್ರತಿಯನ್ನೂ ಇಡಬೇಕು. ಯಾವ ಫೈಲು ಯಾವ ಫಾಂಟಿನದು ಎಂದು ಬಲ್ಲ ಡಿಟಿಪಿಯವರು ಇನ್ನೂ ಸಿಗುತ್ತಾರೆ. ಈ ಕೆಲಸಕ್ಕೆ ಮುಂದಿನ ಸಭೆಯ ನಡಾವಳಿಯಲ್ಲೇ ಒಂದು ಸಾಲು, ಎರಡು ಡಿಸ್ಕಿಗೆ ಮತ್ತು ಎರಡು ಕೇಸಿಂಗಿಗೆ ಒಂದಿಷ್ಟು ಹಣ, ಪ್ರತಿಗಳನ್ನು ಇಟ್ಟುಕೊಳ್ಳಲು ಬೇರೆ ಬೇರೆ ಉಪನಗರಗಳ ಇಬ್ಬರು ಸದಸ್ಯರ ಹೆಸರು, ಇಷ್ಟು ಬೇಕು.