ಅಮೀರ್‌ಪೇಟೆಯಿಂದ ಮಾಧಾಪುರಕ್ಕೆ

ಹೈದರಾಬಾದಿಗೆ ಬಂದವರು ಚಾರ್‌ಮಿನಾರ್ ನೋಡುತ್ತಾರೆ, ಗೋಲ್ಕೊಂಡ ಹತ್ತುತ್ತಾರೆ, ಸಾಲಾರ್‌ಜಂಗ್ ಮ್ಯೂಸಿಯಂನಲ್ಲಿ ಗಡಿಯಾರ ಗಂಟೆ ಹೊಡೆಯುವುದನ್ನು ಕಾಯುತ್ತಾ ನಿಲ್ಲುತ್ತಾರೆ. ಅಮೀರ್‌ಪೇಟೆ ನೋಡಬೇಕೆಂದು ಯಾರೂ ಬರುವುದಿಲ್ಲ. ಆದರೆ ರಾಯಚೂರು, ಕಲಬುರಗಿ, ಬೀದರ್ ಕಡೆಯಿಂದ ಕಂಪ್ಯೂಟರ್ ಓದಿಕೊಂಡು ಇಲ್ಲಿಗೆ ಬಂದ ನಮ್ಮಂಥವರನ್ನು ಕೇಳಿ ನೋಡಿ, ಮೊದಲು ಬಾಯಿಗೆ ಬರುವ ಹೆಸರು ಅದೇ.

ಮೈತ್ರಿವನಂ ಕಟ್ಟಡದ ಅಕ್ಕಪಕ್ಕದ ಗಲ್ಲಿಗಳಲ್ಲಿ ತಲೆ ಎತ್ತಿದರೆ ಆಕಾಶಕ್ಕಿಂತ ಫ್ಲೆಕ್ಸೇ ಹೆಚ್ಚು ಕಾಣುತ್ತದೆ. ಜಾವಾ, ಒರಾಕಲ್, ಟೆಸ್ಟಿಂಗ್ ಟೂಲ್ಸ್, ಸ್ಯಾಪ್. ಈಗ ಅದರ ಜೊತೆಗೆ ಡೇಟಾ ಸೈನ್ಸ್, ಡೆವ್‌ಆಪ್ಸ್. 'ಇವತ್ತು ಬೆಳಿಗ್ಗೆ 7ಕ್ಕೆ ಫ್ರೀ ಡೆಮೊ'. ತೆಲುಗು ಅಕ್ಷರ ನಮಗೆ ಕಲಿಸಬೇಕಾಗಿಲ್ಲ, ಎರಡು ದಿನ ಬಸ್ಸಿನ ಬೋರ್ಡು ನೋಡಿದರೆ ಬಂದುಬಿಡುತ್ತದೆ. 1956ರವರೆಗೆ ನಮ್ಮ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ. ನಮ್ಮ ಅಜ್ಜ ಕೋರ್ಟಿನ ಕೆಲಸಕ್ಕೆ ಈ ಊರಿಗೆ ಓಡಾಡಿದವರು. ನಾನು ಕಲಬುರಗಿಯಲ್ಲಿ ಎಂ.ಸಿ.ಎ. ಮುಗಿಸಿ, 2010ರಲ್ಲಿ ರಾಯಚೂರಿನಿಂದ ಈಶಾನ್ಯ ಸಾರಿಗೆ ಬಸ್ಸು ಹತ್ತಿ ಇಮ್ಲಿಬನ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಬ್ಯಾಗಿನಲ್ಲಿ ಹತ್ತನೇ ತರಗತಿಯಿಂದ ಹಿಡಿದು ಎಲ್ಲ ಅಂಕಪಟ್ಟಿಗಳೂ ಇದ್ದವು.

ಅಮೀರ್‌ಪೇಟೆಯಲ್ಲಿ ಮೂರು ತಿಂಗಳು ಕೋರ್ಸು, ಒಂದು ರೂಮಿಗೆ ನಾಲ್ಕು ಮಂಚದ ಲೇಡೀಸ್ ಹಾಸ್ಟೆಲ್, ಸಂಜೆ ಸತ್ಯಂ ಥಿಯೇಟರಿನ ಮುಂದಿನ ಬಂಡಿಯಲ್ಲಿ ಪುನುಗುಲು. ಆ ಥಿಯೇಟರ್ ಈಗಿಲ್ಲ, ಆ ಜಾಗದಲ್ಲಿ ಅಲ್ಲು ಅರ್ಜುನ್ ಹೆಸರಿನ ಮಲ್ಟಿಪ್ಲೆಕ್ಸ್ ಬಂದಿದೆ. ಕೆಲಸ ಸಿಕ್ಕ ಮೇಲೆ ದಿನಾ 10ಎಚ್ ಬಸ್ಸಿನಲ್ಲಿ ಯೂಸುಫ್‌ಗುಡ ದಾಟಿ ಮಾಧಾಪುರಕ್ಕೆ. 1998ರಲ್ಲಿ ವಾಜಪೇಯಿಯವರು ಉದ್ಘಾಟಿಸಿದ ದುಂಡನೆಯ ಸೈಬರ್ ಟವರ್ಸ್ ಕಂಡರೆ ಇಳಿಯುವ ಜಾಗ ಬಂತೆಂದು ಲೆಕ್ಕ. ಅದರ ಸುತ್ತ ಆಗಿನ್ನೂ ಅಲ್ಲಲ್ಲಿ ಆನೆ ಗಾತ್ರದ ಬಂಡೆಗಳು ಉಳಿದಿದ್ದವು, ನಮ್ಮ ರಾಯಚೂರಿನ ಗುಡ್ಡದ ಬಂಡೆಗಳ ಹಾಗೇ. ಮಧ್ಯಾಹ್ನ ಮದ್ದಿಟ್ಟು ಸಿಡಿಸುವ ಸದ್ದಿಗೆ ನಮ್ಮ ಮಹಡಿಯ ಗಾಜು ಅದುರುತ್ತಿತ್ತು.

ನಾನು ಸೇರಿದ್ದು ಅಂಥದೇ ಒಂದು ಗಾಜಿನ ಕಟ್ಟಡದ ನಾಲ್ಕನೇ ಮಹಡಿಯ ಸಣ್ಣ ಕಂಪನಿಗೆ. ಹೆಸರು ಬೇಡ. ಸೇರಿದ ದಿನವೇ ಎಚ್.ಆರ್. ಮೇಡಮ್ಮು ಎರಡು ವರ್ಷದ ಬಾಂಡಿಗೆ ಸಹಿ ಹಾಕಿಸಿಕೊಂಡು, 'ಸೇಫ್ ಕಸ್ಟಡಿ' ಎಂದು ಮೂಲ ಅಂಕಪಟ್ಟಿಗಳನ್ನೆಲ್ಲ ಕಂದು ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಟ್ಟರು. ಮೊದಲ ಮೂರು ತಿಂಗಳು ಕೆಲಸವೇ ಇರಲಿಲ್ಲ. ಇರಲಿಲ್ಲವೆಂದು ಮನೆಗೆ ಹೋಗುವ ಹಾಗಿಲ್ಲ. ಬಾಗಿಲಿಗೆ ಕಾರ್ಡು ತೋರಿಸಿದ ಲೆಕ್ಕದಲ್ಲಿ ಒಂಬತ್ತು ಗಂಟೆ ಆಗಬೇಕು, ಊಟಕ್ಕೆ ಹೊರಗೆ ಹೋದದ್ದು ಅದರಲ್ಲಿ ಸೇರುವುದಿಲ್ಲ. ಆಮೇಲೆ ಒಂದು ಶುಕ್ರವಾರ ಸಂಜೆ ಆರಕ್ಕೆ ಕೆಲಸ ಬಂತು. ಸೋಮವಾರ ಬೆಳಿಗ್ಗೆಗೆ ಮುಗಿಯಬೇಕಿತ್ತು. ಮುಂದೆ ಎಲ್ಲ ಕೆಲಸವೂ ಶುಕ್ರವಾರ ಸಂಜೆಯೇ ಬರತೊಡಗಿತು.

ನಮ್ಮ ಲೀಡ್ ಕೆಟ್ಟ ಮನುಷ್ಯನಲ್ಲ, ಇದನ್ನು ಹೇಳಲೇಬೇಕು. ನೆಲ್ಲೂರಿನವರು, ಆರು ವರ್ಷ ಚೆನ್ನಾಗಿ ಕೋಡ್ ಬರೆದವರು. ಚೆನ್ನಾಗಿ ಬರೆದರೆಂಬ ಒಂದೇ ಕಾರಣಕ್ಕೆ ಅವರ ಕೆಳಗೆ ಹದಿನಾಲ್ಕು ಹೊಸಬರನ್ನು ಕೂರಿಸಿದ್ದರು. ಜನರಿಂದ ಕೆಲಸ ತೆಗೆಯುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಎರಡೇ ಸಂಖ್ಯೆ. ಒಂದು, ಎಷ್ಟು ಜನ ಬಿಲ್ಲಿಂಗಿನಲ್ಲಿದ್ದಾರೆ, ಅಂದರೆ ಎಷ್ಟು ಜನರ ಗಂಟೆಗಳಿಗೆ ಅಮೆರಿಕದ ಗ್ರಾಹಕ ದುಡ್ಡು ಕೊಡುತ್ತಾನೆ. ಇನ್ನೊಂದು, ಈ ಮೂರು ತಿಂಗಳಲ್ಲಿ ಎಷ್ಟು ಜನ ಬಿಟ್ಟುಹೋದರು. ಅವರ ಬಡ್ತಿ ನಿಂತಿದ್ದದ್ದು ಇವೆರಡರ ಮೇಲೆ. ಅದಕ್ಕೇ ಬೆಳಿಗ್ಗೆ ಒಂದು ಸ್ಟೇಟಸ್ ಕಾಲ್, ರಾತ್ರಿ ಒಂಬತ್ತಕ್ಕೆ ಇನ್ನೊಂದು. ಬೆಳಿಗ್ಗೆ ಹೇಳಿದ್ದನ್ನೇ ರಾತ್ರಿ ಬೇರೆ ಮಾತಿನಲ್ಲಿ ಹೇಳುವ ಕಲೆಯನ್ನು ನಾವು ಬೇಗ ಕಲಿತೆವು. ನಮ್ಮ ಹಾಸ್ಟೆಲ್ ಗೇಟು ಹತ್ತಕ್ಕೆ ಮುಚ್ಚುತ್ತಿತ್ತು. ವಾರ್ಡನ್ ಆಂಟಿ ಬೈಯುತ್ತಲೇ ಬಾಗಿಲು ತೆಗೆಯುತ್ತಿದ್ದರು, ಅನ್ನ ಮುಚ್ಚಿಟ್ಟಿರುತ್ತಿದ್ದರು.

2011ರ ಸೆಪ್ಟೆಂಬರಿನಲ್ಲಿ ತೆಲಂಗಾಣಕ್ಕಾಗಿ ಸಕಲ ಜನುಲ ಸಮ್ಮೆ ಶುರುವಾಯಿತು, 42 ದಿನ. ಆರ್‌ಟಿಸಿ ಬಸ್ಸು ನಿಂತವು, ಸಿಂಗರೇಣಿಯ ಕಲ್ಲಿದ್ದಲು ನಿಂತು ಕರೆಂಟೂ ಹೋಗತೊಡಗಿತು. ಊರಿಗೆ ಊರೇ ಒಂದು ದೊಡ್ಡ ಮಾತನ್ನು ತೀರ್ಮಾನಿಸುತ್ತಿದ್ದಾಗ ನಮಗೆ ಬಂದ ಮೇಲ್ ಇಷ್ಟು: ಬಂದ್ ದಿನಗಳ ಬದಲು ಶನಿವಾರ ಕೆಲಸ, ಬಂದ್ ದಿನವೂ ಆದಷ್ಟು ಬರಬೇಕು, ಬೆಳಿಗ್ಗೆ ಐದಕ್ಕೆ ವ್ಯಾನ್ ಕಳಿಸುತ್ತೇವೆ. ಎರಡನ್ನೂ ಮಾಡಿದವರಿಗೆ ಏನು ಲೆಕ್ಕವೆಂದು ಕೇಳಿದ ವರಂಗಲ್ಲಿನ ಹುಡುಗನಿಗೆ ಆ ವರ್ಷದ ಅಪ್ರೈಸಲ್‌ನಲ್ಲಿ ಕೆಳಗಿನ ದರ್ಜೆ ಬಂತು. ತಂಡದಲ್ಲಿ ಇಷ್ಟು ಜನ ಕೆಳಗಿನ ದರ್ಜೆಗೆ ಬೀಳಲೇಬೇಕೆಂಬುದು ಬೆಲ್ ಕರ್ವ್ ನಿಯಮ. ಯಾರನ್ನು ಬೀಳಿಸಬೇಕೆಂಬುದು ಮಾತ್ರ ಲೀಡ್ ಕೈಯಲ್ಲಿತ್ತು.

ಇದೆಲ್ಲ ನಗುತ್ತಾ ಹೇಳಬಹುದಾದದ್ದು. ನನ್ನ ರೂಮಿನಲ್ಲಿದ್ದ ಲಿಂಗಸೂಗೂರಿನ ಗೆಳತಿಯ ವಿಷಯ ಹಾಗಲ್ಲ. ಅವಳೂ ಅದೇ ಕಂಪನಿ. ಬ್ಯಾಂಕ್ ಅಧಿಕಾರಿ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿ ಸಂದರ್ಶನಕ್ಕೆ ಪತ್ರ ಬಂತು, ಮೂಲ ಪ್ರಮಾಣಪತ್ರಗಳು ಕಡ್ಡಾಯ. ಹನ್ನೆರಡು ದಿನ ಮುಂಚೆಯೇ ಕೇಳಿದಳು. ಲೀಡ್ ಒಪ್ಪಿಗೆಯ ಮೇಲ್ ಬೇಕು ಎಂದರು ಎಚ್.ಆರ್.ನವರು. ಲೀಡ್ 'ನೋಡೋಣ' ಎಂದರು. ಮರುದಿನ ಮತ್ತೆ 'ನೋಡೋಣ'. ಇಲ್ಲ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಕೊನೆಯ ಎರಡು ದಿನ ಅವರೇ ರಜೆ ಹಾಕಿದರು. ಅವಳು ಜೆರಾಕ್ಸ್ ಹಿಡಿದುಕೊಂಡು ಹೋದಳು, ಬಾಗಿಲಲ್ಲೇ ವಾಪಸ್ ಕಳಿಸಿದರು. ಅವಳ ಅಪ್ಪ ಊರಿನಿಂದ ಫೋನ್ ಮಾಡಿ 'ಹೆಂಗಾತವ್ವಾ?' ಎಂದು ಕೇಳಿದಾಗ 'ಚಲೋ ಆತಪ್ಪ' ಎಂದದ್ದನ್ನು ನಾನು ಪಕ್ಕದ ಮಂಚದಿಂದ ಕೇಳಿಸಿಕೊಂಡೆ. ಆ ಲಕೋಟೆ ಅವಳ ಕೈಗೆ ಬಂದಿದ್ದು ಮುಂದಿನ ವರ್ಷ. ಅಷ್ಟರಲ್ಲಿ ಆ ಪರೀಕ್ಷೆಗೆ ಅವಳ ವಯಸ್ಸು ಮೀರಿತ್ತು.

ಕೆಲವು ಸಂಗತಿ ಸುಧಾರಿಸಿವೆ, ನಿಜ. 2014ರಲ್ಲಿ ಯು.ಎ.ಎನ್. ನಂಬರ್ ಬಂದ ಮೇಲೆ ಪಿ.ಎಫ್. ದುಡ್ಡಿಗಾಗಿ ಹಳೇ ಕಂಪನಿಯ ಬಾಗಿಲಲ್ಲಿ ನಿಲ್ಲುವುದು ಬಹಳ ಕಡಿಮೆಯಾಗಿದೆ. 2019ರಿಂದ ಅಮೀರ್‌ಪೇಟೆಯಿಂದ ಹೈಟೆಕ್ ಸಿಟಿಗೆ ಮೆಟ್ರೋ ಇದೆ. ಹೊಸಬರ ಸಂಬಳ ಮಾತ್ರ ಅಲುಗಿಲ್ಲ. ಆಗಲೂ ವರ್ಷಕ್ಕೆ 3 ಲಕ್ಷದ ಆಸುಪಾಸು, ಈಗಲೂ ಎಷ್ಟೋ ಕಡೆ 3ರಿಂದ 3.5 ಲಕ್ಷ.

ಕಳೆದ ವರ್ಷ ಅಕ್ಕನ ಮಗ ಇದೇ ದಾರಿ ಹಿಡಿದು ಬಂದ. ಅದೇ ಅಮೀರ್‌ಪೇಟೆ ಕೋರ್ಸು, ಅಕ್ಕ ಬಂಗಾರ ಅಡವಿಟ್ಟು ಕಟ್ಟಿದ ಫೀಸು. ಸಿಕ್ಕ ಕಂಪನಿ ಅಂಕಪಟ್ಟಿ ಕೇಳಲಿಲ್ಲ, ಎರಡು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕೊಡುವುದಾಗಿ ಬಾಂಡು ಕೇಳಿತು. ಜೊತೆಗೆ ತಾರೀಖು ಹಾಕದ ಒಂದು ಚೆಕ್ಕು. 'ಸಹಿ ಮಾಡ್ಲೇನು ಚಿಕ್ಕಮ್ಮ?' ಎಂದು ಮೆಟ್ರೋದಲ್ಲಿ ನಿಂತುಕೊಂಡೇ ಕೇಳಿದ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಇಂಥದೇ 2 ಲಕ್ಷದ ಷರತ್ತನ್ನು ಒಪ್ಪಿದೆ. ಆದರೆ ಅಲ್ಲಿ ನೋಡಿದ್ದು, ದೇಶವ್ಯಾಪಿ ಪರೀಕ್ಷೆ ನಡೆಸಿ ನೇಮಕ ಮಾಡಿಕೊಳ್ಳುವ ಸರ್ಕಾರಿ ಬ್ಯಾಂಕಿಗೆ ಆಗುವ ಖರ್ಚನ್ನು. ತನ್ನದೇ ದುಡ್ಡಿನಲ್ಲಿ ಜಾವಾ ಕಲಿತು ಬಂದ ಹುಡುಗನ ಮೇಲೆ ಈ ಕಂಪನಿ ಮಾಡಿದ ಖರ್ಚು ಯಾವುದು? ಕೊರಳಿಗೆ ಹಾಕುವ ಗುರುತಿನ ಚೀಟಿಯೇ?

ಚೆಕ್ಕು ಕೊಡಬೇಡ ಎಂದೆ. ಮನೆಯಲ್ಲಿ ಭಾವ ಒಪ್ಪಲಿಲ್ಲ, ಬಂದ ಕೆಲಸ ಹೋದೀತೆಂದು ಅವರ ಭಯ. ಅವನು ತಾನೇ ಒಂದು ದಾರಿ ಹುಡುಕಿದ: ಬಾಂಡಿಗೆ ಸಹಿ ಮಾಡಿದ, ಚೆಕ್‌ಬುಕ್ ಇನ್ನೂ ಬಂದಿಲ್ಲ ಎಂದ, ಸಹಿ ಮಾಡಿದ ಕಾಗದದ ಒಂದು ಪ್ರತಿ ಕೇಳಿದ. ಇದುವರೆಗೆ ಯಾರೂ ಕೇಳಿಲ್ಲವಲ್ಲ ಎಂದರಂತೆ. ಎಂಟು ದಿನ ಬಿಟ್ಟು ಕೊಟ್ಟರು. ಚೆಕ್ಕಿನ ವಿಷಯ ಮತ್ತೆ ಯಾರೂ ಎತ್ತಿಲ್ಲ. ಬಾಂಡು ಮುಗಿಯುವ ತಾರೀಖನ್ನು ಅವನು ಫೋನಿನಲ್ಲಿ ಗುರುತು ಹಾಕಿಕೊಂಡಿದ್ದಾನೆ. ಸದ್ಯಕ್ಕೆ ಅವನ ಸ್ಟೇಟಸ್ ಕಾಲ್ ರಾತ್ರಿ ಹತ್ತಕ್ಕೆ.