ದುರ್ಬೀನಿನಲ್ಲಿ ಕಂಡ ಕೊಲ್ಹಾರ

ಕಳೆದ ರಂಜಾನ್ ಹಬ್ಬಕ್ಕೆ ಬೆಂಗಳೂರಿನಿಂದ ಜೈನಾಪುರಕ್ಕೆ ಬಂದಿದ್ದ ಅಕ್ಕನ ಮಗ, ಸುರಕುಂಬಾ ಕುಡಿಯುತ್ತಲೇ ಮೊಬೈಲು ತೆರೆದು ತನ್ನ ಪ್ರವಾಸದ ಚಿತ್ರಗಳನ್ನು ತೋರಿಸತೊಡಗಿದ. ಹಕ್ಕಿ ನೋಡುವುದಕ್ಕೆಂದೇ ಗೈಡ್ ಜೊತೆ ದಕ್ಷಿಣ ಅಮೆರಿಕದವರೆಗೆ ಹೋಗಿ ಬಂದವನು ಅವನು. ಪೆರು ದೇಶದ ಕರಾವಳಿಯ ಬಂಡೆಗಳ ಮೇಲೆ ಪೆಂಗ್ವಿನ್‌ಗಳು, ಪೆಲಿಕನ್‌ಗಳು. ಅಲ್ಲಿ ದಿಬ್ಬದಂತೆ ಬಿದ್ದಿದ್ದ ಕಡಲಹಕ್ಕಿಗಳ ಹಿಕ್ಕೆ ಹತ್ತೊಂಬತ್ತನೇ ಶತಮಾನದಲ್ಲಿ ಗೊಬ್ಬರವಾಗಿ ಹಡಗುಗಟ್ಟಲೆ ಯುರೋಪಿಗೆ ಹೋಯಿತಂತೆ. ಆಮೇಲೆ ಆಂಡೀಸ್ ಪರ್ವತ. ಉಸಿರಾಡುವುದೇ ಕಷ್ಟವಾಗುವ ಎತ್ತರದಲ್ಲಿ ಉಪ್ಪುನೀರಿನ ಸರೋವರ, ಅದರಲ್ಲಿ ಉದ್ದ ಕಾಲಿನ ಗುಲಾಬಿ ಹಕ್ಕಿಗಳ ಹಿಂಡು. ಜಗತ್ತಿನ ಆರು ಜಾತಿಯ ಫ್ಲೆಮಿಂಗೊಗಳಲ್ಲಿ ನಾಲ್ಕು ಆ ಖಂಡದಲ್ಲಿವೆ. ಅವುಗಳಲ್ಲೊಂದು ಅಳಿದೇ ಹೋಯಿತೆಂದು ಎಲ್ಲರೂ ಕೈಬಿಟ್ಟ ಮೇಲೆ 1957ರಲ್ಲಿ ಬೊಲಿವಿಯಾದಲ್ಲಿ ಮತ್ತೆ ಕಣ್ಣಿಗೆ ಬಿತ್ತು ಎಂದು ಹೇಳುವಾಗ ಅವನ ಮುಖ ಅರಳಿತ್ತು.

ಅಮ್ಮಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಯೇ ತೋ ಹಮಾರೆ ಕೊಲ್ಹಾರ್‌ಕೂ ಭೀ ಆತೇ ನಾ" ಅಂದರು. ಇವು ನಮ್ಮ ಕೊಲ್ಹಾರಕ್ಕೂ ಬರುತ್ತವಲ್ಲ!

ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಕೊಲ್ಹಾರದ ಹೆಸರನ್ನು ಅಮ್ಮಿ ತಾವಾಗಿ ಎತ್ತಿ ಎಷ್ಟೋ ವರ್ಷಗಳಾಗಿದ್ದವು.

ಕೃಷ್ಣೆಯ ದಂಡೆಯ ಕೊಲ್ಹಾರ ಅಮ್ಮಿಯ ತವರು. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರಿಗೆ ಸುತ್ತಲ ನಾಡಿನಲ್ಲೆಲ್ಲ ಹೆಸರಾದ ಊರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟಾಗ ಅಮ್ಮಿ ಏಳೆಂಟು ವರ್ಷದ ಹುಡುಗಿ. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅಣೆಕಟ್ಟನ್ನು ನಾಡಿಗೆ ಅರ್ಪಿಸುವ ಹೊತ್ತಿಗೆ ಹಳೆಯ ಕೊಲ್ಹಾರ ನೀರಿನೊಳಗಿತ್ತು. ಊರು ಎದ್ದು ಮೇಲಿನ ಜಾಗಕ್ಕೆ ಹೋಯಿತು. ನಾನಾ ಮಲಗಿರುವ ಖಬರಸ್ತಾನ ಎದ್ದು ಹೋಗುವಂತಿರಲಿಲ್ಲ. ಅಂದಿನಿಂದ ಬಸ್ಸು ಆ ಮೂರು ಕಿಲೋಮೀಟರ್ ಉದ್ದದ ಸೇತುವೆಗೆ ಬಂದೊಡನೆ ಅಮ್ಮಿ ಸೆರಗು ಮುಖದ ಮೇಲೆ ಎಳೆದುಕೊಳ್ಳುತ್ತಾರೆ.

"ಹೋಗೋಣು ನಡೀರಿ, ನಾನೂ ಬರ್ತೀನಿ" ಎಂದು ಆ ದಿನ ಅವರೇ ಹೇಳಿದಾಗ ನಮಗೆ ಆಶ್ಚರ್ಯ.

ನಸುಕಿನಲ್ಲಿ ಜೀಪು ಹತ್ತಿದೆವು. ಜೋಳದ ಕೊಯ್ಲು ಮುಗಿದು ಬರಿದಾದ ಎರೆಹೊಲಗಳು, ನಡುವೆ ಕಬ್ಬು. ಹಕ್ಕಿ ತೋರಿಸುವ ಒಬ್ಬ ಸ್ಥಳೀಯ ಹುಡುಗನನ್ನು ಅಕ್ಕನ ಮಗ ಮೊದಲೇ ಗೊತ್ತುಮಾಡಿದ್ದ. ಮೀನು ಹಿಡಿಯುವವರ ಮಗ, ಕೊರಳಲ್ಲಿ ದುರ್ಬೀನು.

ನಾನು ಉರ್ದು ಶಾಲೆಯಲ್ಲಿ ಹುದ್‌ಹುದ್, ಅಬಾಬೀಲ್ ಎಂದು ಕಲಿತವಳು. ಸುಲೈಮಾನರಿಗೆ ದೂರದ ಸಬಾ ನಾಡಿನ ಸುದ್ದಿ ತಂದ ಹುದ್‌ಹುದ್, ಮಕ್ಕಾದ ಮೇಲೆ ದಂಡೆತ್ತಿ ಬಂದ ಆನೆಸೈನ್ಯವನ್ನು ಕಲ್ಲೆಸೆದು ಕೆಡವಿದ ಅಬಾಬೀಲ್. ಕನ್ನಡ ಶಾಲೆಗೆ ಬಂದ ಮೇಲೆ ಟಿಟ್ಟಿಭ, ಮಿಂಚುಳ್ಳಿ ಎಂದು ಕಲಿತೆ. ಎರಡು ಭಾಷೆಗಳಲ್ಲೂ ಹೆಸರು ಬಾಯಿಪಾಠ ಮಾಡಿದ್ದೇ ಬಂತು, ಹಕ್ಕಿಯನ್ನು ನಿಂತು ನೋಡಿರಲಿಲ್ಲ. ಆ ಹುಡುಗ ನೋಡುವುದನ್ನು ಕಲಿಸಿದ. ಬೇಸಿಗೆಗೆ ಹಿನ್ನೀರು ಇಳಿದು ಕೆಸರು ಬಯಲಾಗಿತ್ತು. ಬಣ್ಣದ ಕೊಕ್ಕರೆಗಳು, ಮೆಟ್ಟುಗಾಲು ಹಕ್ಕಿಗಳು, ನೀರಿಗೆ ಎರಗಿ ಮೀನು ಎತ್ತುವ ರೀವಗಳು. ಅವುಗಳ ಆಚೆ, ಬಿಸಿಲ ಝಳದಲ್ಲಿ ಅಲುಗುವ ತೆಳು ಗುಲಾಬಿ ಗೆರೆ. ಫ್ಲೆಮಿಂಗೊಗಳು. ಕೊಕ್ಕನ್ನು ತಲೆಕೆಳಗು ಮಾಡಿ ಕೆಸರುನೀರು ಸೋಸುತ್ತಿದ್ದವು. ಹುಟ್ಟುವಾಗ ಮರಿ ಬೂದಿ ಬಣ್ಣದ್ದು, ತಿನ್ನುವ ಆಹಾರದಿಂದಲೇ ಮೈಗೆ ಗುಲಾಬಿ ಬರುತ್ತದೆ ಎಂದ. ಮರಿ ಮಾಡುವುದು ದೂರದ ಕಛ್‌ನ ರಣ್‌ನಲ್ಲಿ. ಸಲೀಂ ಅಲಿಯವರು 1945ರಲ್ಲಿ ಅಲ್ಲಿಗೆ ಹೋಗಿ ಅವುಗಳ ಗೂಡುಗಳ ನಗರವನ್ನೇ ಕಂಡು ಬಂದು ಬರೆದರು.

"ಗೂಡು ಹ್ಯಾಂಗ ಕಟ್ಟತಾವ?" ಅಮ್ಮಿ ಕೇಳಿದರು.

"ಕೆಸರು ಗುಡ್ಡಿ ಹಾಕಿ ಮಣ್ಣಿನ ಮನಿ ಕಟ್ಟತಾವ್ರಿ ಅಮ್ಮಾ."

"ನಮ್ಮದೂ ಮಣ್ಣಿನ ಮನೀನ ಇತ್ತು. ನೀರು ಬಂದ್ರ?"

"ಬಿಟ್ಟು ಹಾರಿ ಹೋಗ್ತಾವ್ರಿ. ಮತ್ತೊಂದು ವರ್ಷ ಮತ್ತ ಕಟ್ಟತಾವ."

"ಅವಕ್ಕ ರೆಕ್ಕಿ ಅದಾವ" ಅಂದರು ಅಮ್ಮಿ.

ಹುಡುಗ ದುರ್ಬೀನು ಕೊಟ್ಟು, "ಎಡಕ್ಕ ನೋಡ್ರಿ, ದೊಡ್ಡ ಹಿಂಡು ಅಲ್ಲೈತಿ" ಎಂದ. ಅಮ್ಮಿ ಎಡಕ್ಕೆ ತಿರುಗಲಿಲ್ಲ. ದುರ್ಬೀನು ಸೇತುವೆಯಿಂದ ನಿಧಾನವಾಗಿ ಬಲಕ್ಕೆ ಸರಿಯಿತು. ಕೆಸರಿನಲ್ಲಿ ಒಂದೆರಡು ಗೋಡೆಯ ಬುಡಗಳು ಎದ್ದು ಕಾಣುತ್ತಿದ್ದವು. "ಹಕ್ಕಿ ಆ ಕಡೆ ಅದಾವ್ರಿ ಅಮ್ಮಾ" ಎಂದು ಹುಡುಗ ಮತ್ತೆ ಹೇಳಿದ. ನಾನು ಅವನ ತೋಳು ಹಿಡಿದು ಸುಮ್ಮನಾಗಿಸಿದೆ. ಅಮ್ಮಿಯ ಕೈ ಒಂದು ಕಡೆ ನಿಂತಿತು. ಬಹಳ ಹೊತ್ತಿನ ಮೇಲೆ ದುರ್ಬೀನು ಮಡಿಲಿಗಿಳಿಸಿ, ಸೆರಗು ತಲೆಯ ಮೇಲೆ ಹೊದ್ದು, ಎರಡೂ ಕೈ ಎತ್ತಿ ಫಾತಿಹಾ ಓದಿದರು. ಹುಡುಗನಿಗೆ ಅರ್ಥವಾಯಿತು. ಅವನು ಕಾಲ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ನಿಂತ. ಅವನ ಅಜ್ಜನ ಮನೆಯೂ ಅದೇ ನೀರಿನಲ್ಲಿದೆ ಎಂದು ಆಮೇಲೆ ತಿಳಿಯಿತು.

ಆ ಗುಲಾಬಿ ಗೆರೆಯನ್ನು ಚಂದ ಅನ್ನುವುದಕ್ಕೆ ಅಂದು ನನಗೆ ಬಾಯಿ ಬರಲಿಲ್ಲ. ಈಗ ಯೋಚಿಸಿದರೆ, ಹಕ್ಕಿ ಬಂದದ್ದರಿಂದ ಮುಳುಗಿದ್ದಕ್ಕೆ ಪರಿಹಾರ ಸಿಕ್ಕಂತೆ ಆಗುವುದಿಲ್ಲ. ಮುಳುಗಿದ್ದು ಹಕ್ಕಿಯ ತಪ್ಪೂ ಅಲ್ಲ. ಇದೇ ನೀರಿನಿಂದ ಎಷ್ಟೋ ಒಣಹೊಲಗಳು ಹಸಿರಾಗಿವೆ ಎಂಬುದೂ ನಿಜ. ಅಣೆಕಟ್ಟಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಏರಿದರೆ ಇನ್ನಷ್ಟು ಊರುಗಳು ಏಳಬೇಕು. ಮೊಣಕಾಲುದ್ದದ ನೀರು ಬೇಕಾದ ಈ ಹಕ್ಕಿಗಳು ಆಗ ಎಲ್ಲಿ ನಿಲ್ಲುತ್ತವೋ. ಹಕ್ಕಿಗಳನ್ನು ಎಣಿಸುವವರು ಜೊತೆಗೆ ಇಲ್ಲಿಂದ ಎದ್ದು ಹೋದವರನ್ನೂ ಒಂದು ಸಲ ಎಣಿಸಲಿ ಅನ್ನಿಸುತ್ತದೆ.

ಹಿಂದಿರುಗುವಾಗ ಸೇತುವೆ ಬಂತು. ಅಮ್ಮಿ ಸೆರಗು ಎಳೆದುಕೊಳ್ಳಲಿಲ್ಲ. ಕಿಟಕಿಯಿಂದ ನೀರನ್ನೇ ನೋಡುತ್ತ ಕುಳಿತಿದ್ದರು. ಜೀಪು ಸೇತುವೆ ದಾಟುವ ಹೊತ್ತಿಗೆ ಮೊಮ್ಮಗನ ಕಡೆ ತಿರುಗಿ, "ಬರೋ ವರ್ಷಾನೂ ರಜಾ ಹಾಕಿ ಬಾ" ಅಂದರು.