ನೇಕಾರರ ಸಾಲುಮನೆಗಳು

ಇಂಗ್ಲೆಂಡಿಗೆ ಹೋಗಿಬಂದವರು ಅಲ್ಲಿನ ಅರಮನೆ, ಗೋಪುರಗಳನ್ನು ವರ್ಣಿಸುವುದು ವಾಡಿಕೆ. ಮಗಳ ಮನೆಗೆಂದು ಹೋಗಿದ್ದ ನಾವಿಬ್ಬರು ಇಲ್ಲಿ ಹೇಳಹೊರಟಿರುವುದು ಬಡ ನೇಕಾರರ ಮನೆಗಳ ಮಾತು. ಗ್ಲಾಸ್ಟರ್‌ಶೈರಿನ ಬೈಬ್ಯುರಿ ಎಂಬ ಹಳ್ಳಿಯ ಈ ಸಾಲಿಗೆ ಆರ್ಲಿಂಗ್ಟನ್ ರೋ ಎಂದು ಹೆಸರು.

ಹುಟ್ಟಿನಿಂದ ಇವು ಮನೆಗಳೇ ಅಲ್ಲ. ಸುಮಾರು 1380ರಲ್ಲಿ ಕ್ರೈಸ್ತ ಮಠದವರು ಉಣ್ಣೆ ತುಂಬಿಡಲು ಕಟ್ಟಿಸಿದ ಉಗ್ರಾಣವಿದು. 17ನೆಯ ಶತಮಾನದಲ್ಲಿ ಅದನ್ನೇ ವಿಂಗಡಿಸಿ ನೇಕಾರರಿಗೆ ಮನೆ ಮಾಡಿದರು. ನೇಯ್ದ ಬಟ್ಟೆ ಸಮೀಪದ ಗಿರಣಿಗೆ ಹೋಗುತ್ತಿತ್ತು. ತೊಳೆದ ಬಟ್ಟೆಯನ್ನು ಚೌಕಟ್ಟುಗಳ ಮೇಲೆ ಒಣಹಾಕುತ್ತಿದ್ದುದು ಎದುರಿನ ಹುಲ್ಲುಗಾವಲಿನಲ್ಲಿ.

ಗೋಡೆಗೂ ಮಾಡಿಗೂ ಆ ಸೀಮೆಯ ಜೇನುಬಣ್ಣದ ಸುಣ್ಣಕಲ್ಲೇ. ಹೆಂಚಿನ ಬದಲು ತೆಳುವಾಗಿ ಸೀಳಿದ ಕಲ್ಲು: ಸೂರಿನ ಬಳಿ ದೊಡ್ಡವು, ಮೇಲೇರಿದಂತೆ ಚಿಕ್ಕವು. ಹೆಚ್ಚಿನ ಭಾರ ಗೋಡೆಯ ಮೇಲೆಯೇ ಕೂರುತ್ತದೆ, ಸಣ್ಣ ಚೂರೂ ವ್ಯರ್ಥವಾಗುವುದಿಲ್ಲ. ಕಲ್ಲು ನೀರು ಕುಡಿಯಬಾರದೆಂದು ಮಾಡು ಕಡಿದಾಗಿ ಇಳಿದಿದೆ. ಅಟ್ಟಕ್ಕೆ ಬೆಳಕು ಬೇಕೆಂದು ಅಲ್ಲಲ್ಲಿ ಮುಕ್ಕೋನದ ಮುಖವೆತ್ತಿ ಕಿಟಕಿ ಕೂರಿಸಿದ್ದಾರೆ. ಚೆಂದಕ್ಕೆಂದು ಮಾಡಿದ್ದು ಕಡಿಮೆ. ಆದರೂ ಇಂಗ್ಲೆಂಡಿನ ಅತಿ ಸುಂದರ ಹಳ್ಳಿ ಇದೆಂದು ವಿಲಿಯಂ ಮಾರಿಸ್ ಹೊಗಳಿದರು.

ಇಂದು ನ್ಯಾಷನಲ್ ಟ್ರಸ್ಟ್ ಈ ಸಾಲನ್ನು ಕಾಪಾಡುತ್ತಿದೆ. ಒಳಗೆ ಜನ ವಾಸವಾಗಿದ್ದಾರೆ. ನಾವು ನೋಡುತ್ತಿದ್ದಂತೆಯೇ ಪ್ರವಾಸಿಯೊಬ್ಬರು ಕಿಟಕಿಗೆ ಮುಖವಿಟ್ಟು ಇಣುಕಿದರು. ಒಳಗಿನವರು ಪರದೆ ಎಳೆದುಕೊಂಡರು. ಗೋಡೆ ಉಳಿದಿದೆ, ಮಗ್ಗದ ಸದ್ದು ಎಂದೋ ನಿಂತಿದೆ.

ಬಟ್ಟೆ ನೇಯುವವರಿಗೆಂದು ಸಾಲಾಗಿ ಕಟ್ಟಿದ ಮನೆಗಳು ಎಂದಾಗ ಮುಂಬಯಿಯವರಾದ ನಮಗೆ ಪರೇಲ್, ಲಾಲ್‌ಬಾಗಿನ ಚಾಳುಗಳು ನೆನಪಾಗದಿರುತ್ತವೆಯೇ? 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅನೇಕ ಚಾಳುಗಳ ಜಾಗದಲ್ಲಿ ಗಗನಚುಂಬಿ ಕಟ್ಟಡಗಳೆದ್ದಿವೆ. ಚಾಳುಗಳನ್ನು ಇದ್ದಂತೆಯೇ ಉಳಿಸಿ ಎನ್ನಲು ನಮಗೆ ಬಾಯಿ ಬಾರದು. ಬೆಳಗಿನ ಜಾವ ಬಕೆಟ್ ಹಿಡಿದು ಸಾಲಿನಲ್ಲಿ ನಿಂತವರು ನಾವು. ಒಳಗೇ ನಲ್ಲಿ, ಸಂಡಾಸು ಇರುವ ಮನೆ ಬೇಕೆನ್ನುವುದು ನ್ಯಾಯವೇ.

ಆದರೆ ಕೆಡಹುವ ಮೊದಲು ಖೋಲಿಯ ಅಳತೆ, ಮರದ ಜಿನೆ, ಎಲ್ಲರ ಪಡಸಾಲೆಯಾಗಿದ್ದ ಆ ಉದ್ದ ಗ್ಯಾಲರಿ, ಅಲ್ಲಿ ಬಾಳಿದ ಕುಟುಂಬಗಳ ಕಥೆ ಇವನ್ನಾದರೂ ಬರೆದಿಡಬಾರದೇ? ಚಾಳಿನಲ್ಲಿ ಬೆಳೆದ ಹಿರಿಯರು ನಮ್ಮ ಸಂಘದಲ್ಲಿಯೇ ಇದ್ದಾರೆ. ಅವರು ಹೇಳಲಿ, ಕಿರಿಯರು ಬರೆದುಕೊಳ್ಳಲಿ.